ಹಳೆ ಕಾರಿನ ಪೆಟ್ರೋಲ್ ಗೇಜ್ ತಪ್ಪು ತೋರಿಸಿದರೆ: ಟ್ಯಾಂಕಿನಿಂದ ಡ್ಯಾಶ್‌ಬೋರ್ಡ್‌ವರೆಗಿನ ತಪಾಸಣೆ

ಕಂಪನಿಯ ಮೂಲ ಗೇಜ್ ಕೆಟ್ಟು ಅದರ ಜಾಗದಲ್ಲಿ ಮಾರ್ಕೆಟ್ ಗೇಜ್ ಕೂತಿರುವ ಅಂಬಾಸಡರ್, ಪದ್ಮಿನಿ, ಹಳೆ ಜೀಪುಗಳಲ್ಲಿ ದೂರು ಹೆಚ್ಚುಕಡಿಮೆ ಒಂದೇ ನಮೂನೆಯದು. ಟ್ಯಾಂಕ್ ತುಂಬಿಸಿದರೂ ಮುಳ್ಳು ಮುಕ್ಕಾಲು ದಾಟುವುದಿಲ್ಲ. ಇಲ್ಲವೆ, ಕಾಲು ಟ್ಯಾಂಕ್ ತೋರಿಸುತ್ತಲೇ ಗಾಡಿ ನಿಲ್ಲುತ್ತದೆ. ಎರಡನೆಯದು ಹೆಚ್ಚು ತೊಂದರೆಯದು. ಕಲಬುರಗಿಯಿಂದ ಬೀದರ್‌ಗೆ ಸುಮಾರು 110 ಕಿ.ಮೀ.; ಲೀಟರಿಗೆ 10 ಕಿ.ಮೀ. ಕೊಡುವ ಗಾಡಿಗೆ 11 ಲೀಟರ್ ಬೇಕು. 50 ಲೀಟರ್ ಟ್ಯಾಂಕಿನ ಕಾಲು ಭಾಗ ಹನ್ನೆರಡೂವರೆ ಲೀಟರ್, ಲೆಕ್ಕದ ಪ್ರಕಾರ ಮುಟ್ಟಬಹುದು. ಮುಳ್ಳು ಕಾಲಿನಲ್ಲಿದ್ದಾಗ ಒಳಗೆ ಇರುವುದು 8 ಲೀಟರ್ ಆದರೆ ಹುಮನಾಬಾದ್ ದಾಟಿ ಬೀದರ್ ಸೇರುವ ಮೊದಲೇ ರಸ್ತೆ ಬದಿಗೆ ನಿಲ್ಲಬೇಕಾಗುತ್ತದೆ.

ಗ್ಯಾರೇಜಿನಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಮೀಟರ್ ಹೋಗ್ಯಾದ್ರಿ, ಹೊಸಾದು ಹಾಕ್ಸ್ರಿ." ಹೊಸದು ಹಾಕಿಸಿದರೆ ಅದೂ ಅಷ್ಟೇ ತಪ್ಪು ತೋರಿಸುತ್ತದೆ. ಇಂಥ ಗಾಡಿಗಳಲ್ಲಿ ಗೇಜ್ ತಾನಾಗಿ ಕೆಟ್ಟಿರುವುದು ಕಡಿಮೆ. ಗೇಜಿಗೂ ಟ್ಯಾಂಕ್ ಯೂನಿಟ್ಟಿಗೂ (ಟ್ಯಾಂಕಿನೊಳಗೆ ಪೆಟ್ರೋಲಿನ ಮಟ್ಟ ಅಳೆಯುವ ಭಾಗ) ಜೋಡಿ ಹೊಂದದಿರುವುದು ಮೊದಲ ಕಾರಣ, ಅರ್ಥ್ (ಕರೆಂಟ್ ಗಾಡಿಯ ತಗಡಿನ ಮೂಲಕ ಬ್ಯಾಟರಿಗೆ ಮರಳುವ ದಾರಿ) ಸರಿ ಇಲ್ಲದಿರುವುದು ಎರಡನೆಯದು. ಇವೆರಡನ್ನೂ ಮಲ್ಟಿಮೀಟರ್ ಹಿಡಿದು ಅರ್ಧ ಗಂಟೆಯಲ್ಲಿ ಪತ್ತೆ ಮಾಡಬಹುದು. ಅಳತೆ ಕೈಗೆ ಬರುವ ತನಕ ಗೇಜ್, ಯೂನಿಟ್ ಯಾವುದನ್ನೂ ಕೊಳ್ಳಬೇಡಿ.

ಬೇಕಾದ ಸಾಮಾನು

200 ಓಮ್ ಮತ್ತು 2000 ಓಮ್ ರೇಂಜ್ ಇರುವ ಡಿಜಿಟಲ್ ಮಲ್ಟಿಮೀಟರ್. ಸಿಕ್ಕರೆ ಮುಳ್ಳಿನ ಹಳೆ ಮೀಟರೂ ಇರಲಿ, ಎರಡು ಕಡೆ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. 10, 33, 68, 100, 180 ಓಮ್‌ನ ರೆಸಿಸ್ಟರ್‌ಗಳು ಒಂದೊಂದು, ಜೊತೆಗೆ 220 ಮತ್ತು 22 ಓಮ್ (ಎರಡನ್ನೂ ಸಾಲಾಗಿ ಕೂಡಿಸಿದರೆ 242 ಆಗುತ್ತದೆ), ಎಲ್ಲವೂ 1 ಅಥವಾ 2 ವ್ಯಾಟಿನವು. ಮೊಸಳೆ ಕ್ಲಿಪ್ ಹಚ್ಚಿದ ನಾಲ್ಕೈದು ಮೀಟರ್ ವೈರ್, ಸ್ಯಾಂಡ್‌ಪೇಪರ್, ಸ್ಟಾರ್ ವಾಶರ್, ತಾಮ್ರದ ಥಿಂಬಲ್ (ವೈರಿನ ತುದಿಗೆ ಒತ್ತುವ ಉಂಗುರ), 1.5 ಚದರ ಮಿ.ಮೀ. ಕಪ್ಪು ವೈರ್, ವ್ಯಾಸಲಿನ್.

ಟೆಸ್ಟ್ ಲ್ಯಾಂಪ್ ಇದ್ದರೆ ಅದನ್ನು ಡ್ಯಾಶ್‌ಬೋರ್ಡ್ ಕಡೆಯ ಕೆಲಸಕ್ಕೆ ಮಾತ್ರ ಬಳಸಿ. ಟ್ಯಾಂಕ್ ಯೂನಿಟ್ಟಿಗೆ ಟೆಸ್ಟ್ ಲ್ಯಾಂಪ್ ಹಚ್ಚುವ ಅಭ್ಯಾಸ ಬಹಳ ಕಡೆ ಇದೆ. 5 ವ್ಯಾಟಿನ ಬಲ್ಬ್ 0.4 ಆಂಪಿಯರ್ ಎಳೆಯುತ್ತದೆ. ಯೂನಿಟ್ಟಿನೊಳಗಿನ ಕೂದಲೆಳೆಯ ತಂತಿ ಅದನ್ನು ತಾಳುವಂಥದ್ದಲ್ಲ, ಸುತ್ತ ಪೆಟ್ರೋಲ್ ಆವಿ ಬೇರೆ. ಯೂನಿಟ್ ಬಿಚ್ಚುವ ಮೊದಲು ಬ್ಯಾಟರಿಯ ಅರ್ಥ್ ಟರ್ಮಿನಲ್ ತೆಗೆಯಿರಿ, ಗಾಡಿಯನ್ನು ಬಯಲಿನಲ್ಲಿ ನೆರಳಿಗೆ ನಿಲ್ಲಿಸಿ. ಏಪ್ರಿಲ್–ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿ ಕಡೆ ಉಷ್ಣತೆ 40 ಡಿಗ್ರಿ ದಾಟಿರುತ್ತದೆ, ಬಿಸಿಯಾದ ಟ್ಯಾಂಕ್ ತೆರೆದರೆ ಆವಿ ಮುಖಕ್ಕೇ ಹೊಡೆಯುತ್ತದೆ. ಈ ಕೆಲಸ ಬೆಳಿಗ್ಗೆ ಎಂಟರೊಳಗೆ ಮುಗಿಯಲಿ.

ಬಿಚ್ಚುವ ಮೊದಲು ಲಕ್ಷಣ ನೋಡಿ

ಟೇಲ್ ಲ್ಯಾಂಪ್ ಹಾಕಿದಾಗ ಅಥವಾ ಬ್ರೇಕ್ ಒತ್ತಿದಾಗ ಮುಳ್ಳು ಸರಿದರೆ ಹಿಂಭಾಗದ ಅರ್ಥ್ ಕೆಟ್ಟಿದೆ. ಬ್ರೇಕ್ ಲೈಟಿನ 21 ವ್ಯಾಟಿನ ಎರಡು ಬಲ್ಬ್ ಸೇರಿ ಸುಮಾರು 3.5 ಆಂಪಿಯರ್ ಎಳೆಯುತ್ತವೆ. ಟ್ಯಾಂಕ್ ಯೂನಿಟ್ ಮತ್ತು ಆ ಬಲ್ಬುಗಳು ಒಂದೇ ಅರ್ಥ್ ಬೋಲ್ಟಿಗೆ ಸೇರಿದ್ದು, ಅಲ್ಲಿ ಬರೀ 0.3 ಓಮ್ ತಡೆ ಇದ್ದರೂ ಒಂದು ವೋಲ್ಟ್ ಅಲ್ಲೇ ಬೀಳುತ್ತದೆ. ಗೇಜ್ ಅದನ್ನು ಪೆಟ್ರೋಲಿನ ಮಟ್ಟವೆಂದೇ ಓದುತ್ತದೆ.

ಮೀಟರಿನ ಒಳಗಿನ ದೀಪ ಹಾಕಿದಾಗ ಮಾತ್ರ ಮುಳ್ಳು ಅಲುಗಿದರೆ ತೊಂದರೆ ಮುಂದಿದೆ: ಗೇಜಿನದೇ ಅರ್ಥ್ ಇಲ್ಲ, ಬಲ್ಬಿನ ಕರೆಂಟ್ ಗೇಜಿನ ಸುರುಳಿಯ ಮೂಲಕ ದಾರಿ ಹುಡುಕುತ್ತಿದೆ. ಕಟ್ಟಿಗೆ ಅಥವಾ ಫೈಬರ್ ಪ್ಯಾನೆಲ್ ಮಾಡಿಸಿ ಗೇಜ್ ಕೂಡಿಸಿದ ಗಾಡಿಗಳಲ್ಲಿ ಇದು ಸಾಮಾನ್ಯ.

ಪೆಟ್ರೋಲ್ ಮತ್ತು ಟೆಂಪರೇಚರ್ ಎರಡೂ ಗೇಜ್ ಒಟ್ಟಿಗೆ ಹೆಚ್ಚು ತೋರಿಸಿದರೆ ವೋಲ್ಟೇಜ್ ಸ್ಟೆಬಿಲೈಜರ್ (ಗೇಜುಗಳಿಗೆ ಹೋಗುವ ವೋಲ್ಟೇಜನ್ನು ಹದದಲ್ಲಿಡುವ ಡಬ್ಬಿ) ನೋಡಬೇಕು. ಮುಳ್ಳು ಒಂದೇ ಮಟ್ಟದಲ್ಲಿ ಮಾತ್ರ ಜಿಗಿದು ಅದನ್ನು ದಾಟಿದ ಮೇಲೆ ಸರಿಯಾದರೆ ಯೂನಿಟ್ಟಿನ ಟ್ರ್ಯಾಕ್ (ಒಳಗಿನ ರೆಸಿಸ್ಟರ್ ತಂತಿಯ ಪಟ್ಟಿ) ಆ ಜಾಗದಲ್ಲಿ ಸವೆದಿದೆ. ತುಂಬಿದಾಗ ಖಾಲಿ, ಖಾಲಿಯಾದಾಗ ತುಂಬಿದಂತೆ ತೋರಿಸಿದರೆ ರೇಂಜ್ ಉಲ್ಟಾ.

ಇನ್ನೊಂದು ಲಕ್ಷಣವನ್ನು ದೋಷವೆಂದು ಎಣಿಸಬೇಡಿ. ಕೀ ತೆಗೆದ ಮೇಲೂ ಮುಳ್ಳು ಇದ್ದಲ್ಲೇ ನಿಲ್ಲುವುದು ಈಗಿನ ಏರ್-ಕೋರ್ ಗೇಜುಗಳಲ್ಲಿ (ಸುರುಳಿಗಳ ನಡುವೆ ಚಿಕ್ಕ ಅಯಸ್ಕಾಂತ ತಿರುಗುವಂಥವು) ಸಹಜ. ಅವುಗಳಲ್ಲಿ ಮುಳ್ಳನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಇರುವುದಿಲ್ಲ.

ಗೇಜ್ ಒಂದು ಕಂಪನಿಯದು, ಯೂನಿಟ್ ಇನ್ನೊಂದು

ಟ್ಯಾಂಕ್ ಯೂನಿಟ್ ಎಂದರೆ ಪೆಟ್ರೋಲಿನ ಮೇಲೆ ತೇಲುವ ಫ್ಲೋಟಿನ ಜೊತೆ ಏರಿಳಿಯುವ ಒಂದು ರೆಸಿಸ್ಟರ್, ಅಷ್ಟೇ. ಆದರೆ ಖಾಲಿಗೆ ಎಷ್ಟು ಓಮ್, ತುಂಬಿದಾಗ ಎಷ್ಟು ಓಮ್ ಎಂಬುದರಲ್ಲಿ ಜಗತ್ತು ಒಂದಾಗಿಲ್ಲ. ಪೆಟ್ಟಿಗೆಯ ಮೇಲೆ ಅಥವಾ ಗೇಜಿನ ಬೆನ್ನಿಗೆ ಅಚ್ಚು ಹಾಕಿರುವ ಸಂಖ್ಯೆ ಇದೇ. ಮಾರ್ಕೆಟ್‌ನಲ್ಲಿ ಸಿಗುವವು ಬಹುತೇಕ ಈ ನಾಲ್ಕರಲ್ಲಿ ಒಂದು:

240–33: ಅಮೆರಿಕದ ಯೂನಿವರ್ಸಲ್ ಅಳತೆ. ಖಾಲಿಗೆ 240 ಓಮ್, ತುಂಬಿದಾಗ 33.
10–180: ವಿಡಿಒ ಮೊದಲಾದ ಯುರೋಪಿನ ಕಂಪನಿಗಳ ಅಳತೆ. ಖಾಲಿಗೆ 10, ತುಂಬಿದಾಗ 180.
0–90: ಜನರಲ್ ಮೋಟಾರ್ಸ್ ಅಳತೆ. ಖಾಲಿಗೆ 0, ತುಂಬಿದಾಗ 90.
73–10: ಫೋರ್ಡ್, ಕ್ರೈಸ್ಲರ್ ಅಳತೆ. ಖಾಲಿಗೆ 73, ತುಂಬಿದಾಗ 10.

ಬ್ರಿಟಿಷ್ ಮೂಲದ ಗಾಡಿಗಳಲ್ಲಿ ಇನ್ನೊಂದು ತೊಡಕಿದೆ. ಅಲ್ಲಿನ ಸ್ಮಿತ್ಸ್ ಕಂಪನಿಯ ಗೇಜುಗಳಲ್ಲಿ ಎರಡು ಪೀಳಿಗೆ. ಮೊದಲಿನದು ಎರಡು ಸುರುಳಿಯದು, ಅದರ ಯೂನಿಟ್ ಖಾಲಿಯಿದ್ದಾಗ ಸೊನ್ನೆಯ ಹತ್ತಿರ ಓಮ್ ಕೊಡುತ್ತದೆ. ನಂತರದ್ದು ಬೈಮೆಟಲ್ ಪಟ್ಟಿ ಬಿಸಿಯಾಗಿ ಬಾಗುವಂಥದ್ದು, ಅದರಲ್ಲಿ ಖಾಲಿಗೆ ಇನ್ನೂರರ ಮೇಲೆ, ತುಂಬಿದಾಗ ಮೂವತ್ತರ ಒಳಗೆ. ದಿಕ್ಕೇ ಬೇರೆ. ಯಾವುದಿದೆ ಎಂದು ತಿಳಿಯಲು ಬಿಚ್ಚಬೇಕಾಗಿಲ್ಲ. ಕೀ ಹಾಕಿದ ಕೂಡಲೇ ಮುಳ್ಳು ಚಟ್ಟನೆ ಎದ್ದರೆ ಸುರುಳಿಯದು, ನಿಧಾನಕ್ಕೆ ಹತ್ತಿಪ್ಪತ್ತು ಸೆಕೆಂಡ್ ತೆಗೆದುಕೊಂಡು ಏರಿದರೆ ಬೈಮೆಟಲ್. ಹಳೆ ಯೂನಿಟ್ ಟ್ಯಾಂಕಿನಲ್ಲೇ ಬಿಟ್ಟು ಡ್ಯಾಶ್‌ಬೋರ್ಡಿನ ಗೇಜ್ ಮಾತ್ರ ಬದಲಾಯಿಸಿದ ಗಾಡಿಯಲ್ಲಿ ಜೋಡಿ ಸರಿಹೊಂದಿದ್ದರೆ ಅದೃಷ್ಟವೆನ್ನಬೇಕು.

ಹೊಂದದ ಜೋಡಿ ಏನು ಮಾಡುತ್ತದೆ ನೋಡಿ. 0–90 ಗೇಜಿಗೆ 73–10 ಯೂನಿಟ್ ಕೊಟ್ಟರೆ ತುಂಬಿದ ಟ್ಯಾಂಕಿಗೆ ಮುಳ್ಳು ತಳದಲ್ಲಿ, ಖಾಲಿ ಟ್ಯಾಂಕಿಗೆ ಮುಕ್ಕಾಲಿನ ಮೇಲೆ. 10–180 ಗೇಜಿಗೆ 0–90 ಯೂನಿಟ್ ಕೊಟ್ಟರೆ ದಿಕ್ಕು ಸರಿಯೇ, ಆದರೆ ಎಷ್ಟು ತುಂಬಿಸಿದರೂ ಮುಳ್ಳು ಅರ್ಧವೂ ದಾಟದು. ಇಂಥ ಗಾಡಿಗೆ ಎಷ್ಟು ಸಲ ಗೇಜ್ ಬದಲಿಸಿದರೂ, ಅದೇ ರೇಂಜಿನದು ತಂದರೆ ಫಲಿತಾಂಶವೂ ಅದೇ.

ಟರ್ಮಿನಲ್ಲಿನ ಗುರುತಿನಲ್ಲೂ ಒಂದು ತೊಡಕಿದೆ. ಅಮೆರಿಕದ ಮಾದರಿಯ ಗೇಜಿನಲ್ಲಿ 'ಎಸ್' ಎಂದರೆ ಟ್ಯಾಂಕ್ ಯೂನಿಟ್ಟಿನ ವೈರ್, 'ಜಿ' ಎಂದರೆ ಅರ್ಥ್. ಯುರೋಪಿನ ವಿಡಿಒ ಮಾದರಿಯಲ್ಲಿ 'ಜಿ' ಎಂದರೆ ಯೂನಿಟ್ಟಿನ ವೈರ್, ಅರ್ಥಿಗೆ ಮೈನಸ್ ಗುರುತು. ಅದನ್ನು ನೋಡದೆ 'ಜಿ' ಟರ್ಮಿನಲ್ಲನ್ನು ಅರ್ಥಿಗೆ ಕಟ್ಟಿದರೆ 10–180 ಗೇಜ್ ಯಾವಾಗಲೂ ಖಾಲಿಯೇ ತೋರಿಸುತ್ತದೆ. ಎಲೆಕ್ಟ್ರಿಷಿಯನ್ ಗೇಜ್ ಕೆಟ್ಟಿದೆ ಎಂದು ವಾಪಸ್ ಕಳಿಸಿದ ಎಷ್ಟೋ ಗೇಜುಗಳ ಕಥೆ ಇಷ್ಟೇ.

ಟ್ಯಾಂಕಿನ ಬಳಿ ಎರಡು ಅಳತೆ

ಕೀ ಆಫ್ ಇರಲಿ. ಟ್ಯಾಂಕ್ ಯೂನಿಟ್ಟಿನಿಂದ ವೈರ್ ತೆಗೆಯಿರಿ. ಹಳೆ ಜೀಪಿನಲ್ಲಿ ಸೀಟ್ ಎತ್ತಿದರೆ ಟ್ಯಾಂಕ್ ಸಿಗುತ್ತದೆ, ಕಾರುಗಳಲ್ಲಿ ಡಿಕ್ಕಿಯ ಕಡೆಯಿಂದ ಕೈ ಹಾಕಬೇಕು.

ಮೊದಲು ಮಲ್ಟಿಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿ ಎಷ್ಟು ಬರುತ್ತದೆ ನೋಡಿಕೊಳ್ಳಿ. ಸಾಮಾನ್ಯವಾಗಿ 0.2ರಿಂದ 0.5 ಓಮ್ ಇರುತ್ತದೆ, ಮುಂದಿನ ಎಲ್ಲ ಅಳತೆಯಿಂದ ಅದನ್ನು ಕಳೆಯಿರಿ. ಈಗ ಯೂನಿಟ್ಟಿನ ಟರ್ಮಿನಲ್ ಮತ್ತು ಯೂನಿಟ್ಟಿನದೇ ತಗಡಿನ ತಟ್ಟೆಯ ನಡುವೆ ಅಳೆಯಿರಿ. ಇದು ಮೊದಲ ಸಂಖ್ಯೆ. ಒಂದು ಕಡ್ಡಿ ಟರ್ಮಿನಲ್ಲಿನಲ್ಲೇ ಇರಲಿ, ಇನ್ನೊಂದನ್ನು ಉದ್ದ ವೈರಿನ ಮೂಲಕ ಬ್ಯಾಟರಿಯ ಅರ್ಥ್ ಪೋಸ್ಟಿಗೆ ಮುಟ್ಟಿಸಿ. ಇದು ಎರಡನೆಯದು. ಎರಡೂ ಸಮ ಇರಬೇಕು. ಅರ್ಧ ಓಮಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅಷ್ಟೂ ಅರ್ಥಿನ ದಾರಿಯಲ್ಲಿ ಕೂತಿದೆ.

ಮೊದಲ ಸಂಖ್ಯೆಯನ್ನು ಟ್ಯಾಂಕಿನಲ್ಲಿರುವ ಪೆಟ್ರೋಲಿಗೆ ಹೋಲಿಸಿ. ಮೂತಿಯಿಂದ ಕಟ್ಟಿಗೆಯ ಕಡ್ಡಿ ಇಳಿಸಿ ಅಂದಾಜು ಮಾಡಿದರೂ ಸಾಕು. ಕಾಲು ಟ್ಯಾಂಕಿನಲ್ಲಿ 190ರ ಹತ್ತಿರ ಬಂದರೆ 240–33 ವರ್ಗದ ಯೂನಿಟ್, 50ರ ಹತ್ತಿರ ಬಂದರೆ 10–180 ಇರಬಹುದು. ಹತ್ತು ಲೀಟರ್ ಹಾಕಿ ಮತ್ತೆ ಅಳೆದರೆ ಓಮ್ ಏರಿತೋ ಇಳಿಯಿತೋ ಎಂಬುದು ದಿಕ್ಕನ್ನು ಅನುಮಾನಕ್ಕೆ ಜಾಗವಿಲ್ಲದಂತೆ ಹೇಳುತ್ತದೆ.

ಅರ್ಥ್

ಈ ಭಾಗದ ಗಾಡಿಗಳಲ್ಲಿ ಅರ್ಥ್ ಕೆಡುವುದಕ್ಕೆ ಹೊಸ ಪೇಂಟೇ ಹೆಚ್ಚು ಕಾರಣ. ಗಾಡಿ ರೀಸ್ಟೋರ್ ಮಾಡುವಾಗ ಟ್ಯಾಂಕನ್ನು ಒಳ್ಳೆ ಪೇಂಟ್ ಹೊಡೆದು, ರಬ್ಬರ್ ಪಟ್ಟಿ ಹಾಕಿ, ಯೂನಿಟ್ಟಿನ ಕೆಳಗೆ ಹೊಸ ಪ್ಯಾಕಿಂಗ್ ಕೂಡಿಸಿ, ಮೇಲೆ ಗ್ಯಾಸ್ಕೆಟ್ ಅಂಟು ಬಳಿಯುತ್ತಾರೆ. ನೋಡಲಿಕ್ಕೆ ಚೆಂದ. ಆದರೆ ಯೂನಿಟ್ಟಿನಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ಬಾಡಿಗೆ ಕರೆಂಟ್ ಹೋಗುವ ದಾರಿ ಎಲ್ಲ ಕಡೆ ಮುಚ್ಚಿಹೋಗಿರುತ್ತದೆ. ಸ್ಕ್ರೂವಿನ ಹಲ್ಲು ಎಲ್ಲೋ ಒಂದು ಕಡೆ ಪೇಂಟ್ ಕೆರೆದು ತಾಗಿದ್ದರೆ ಅದೇ ಅರ್ಥ್, ಗಾಡಿ ಕುಲುಕಿದಾಗಲೆಲ್ಲ ಮುಳ್ಳೂ ಕುಲುಕುತ್ತದೆ. ಶಹಾಬಾದ್, ವಾಡಿ, ಸೇಡಂ ಕಡೆ ಓಡುವ ಗಾಡಿಗಳಿಗೆ ಸುಣ್ಣಕಲ್ಲಿನ ಮತ್ತು ಸಿಮೆಂಟಿನ ದೂಳು ಇದ್ದೇ ಇದೆ. ಅದು ಮಳೆ ನೀರು ಕುಡಿದು ಅರ್ಥ್ ಬೋಲ್ಟಿನ ಸುತ್ತ ಗಟ್ಟಿ ಪೊರೆಯಾಗಿ ಕೂತರೆ ಅಡಿಯಲ್ಲಿ ತುಕ್ಕು ಹಿಡಿದದ್ದು ಹೊರಗೆ ಕಾಣುವುದಿಲ್ಲ.

ಕೆಟ್ಟ ಅರ್ಥಿನ ಪರಿಣಾಮ ಎಲ್ಲ ಗೇಜಿನಲ್ಲೂ ಒಂದೇ ಥರ ಇರುವುದಿಲ್ಲ, ಇದನ್ನು ಬಹಳ ಜನ ಗಮನಿಸುವುದಿಲ್ಲ. ದಾರಿಯಲ್ಲಿ 20 ಓಮ್ ಹೆಚ್ಚಾಗಿ ಸೇರಿದೆ ಎಂದುಕೊಳ್ಳಿ. 240–33 ಗೇಜಿನಲ್ಲಿ ಓಮ್ ಹೆಚ್ಚಾದರೆ ಮುಳ್ಳು ಕೆಳಗಿಳಿಯುತ್ತದೆ, ಅಂದರೆ ತುಂಬಿದ ಟ್ಯಾಂಕ್ ಸ್ವಲ್ಪ ಕಡಿಮೆ ಕಾಣುತ್ತದೆ, ಅಪಾಯವಿಲ್ಲ. 0–90 ಗೇಜಿನಲ್ಲಿ ಅದೇ 20 ಓಮ್ ಮುಳ್ಳನ್ನು ಮೇಲೆ ಎತ್ತುತ್ತದೆ: ಪೂರ್ತಿ ಖಾಲಿ ಟ್ಯಾಂಕ್ ಕಾಲಿನ ಹತ್ತಿರ ಕಾಣುತ್ತದೆ. ಕಾಲು ತೋರಿಸುತ್ತಲೇ ನಿಂತ ಗಾಡಿಯ ಗೇಜ್ ಇಂಥದ್ದಾಗಿದ್ದರೆ ಮೊದಲು ಅರ್ಥಿಗೇ ಕೈ ಹಾಕಿ.

ಪರಿಹಾರ ಸರಳ. ಯೂನಿಟ್ಟಿನ ತಟ್ಟೆಯ ಒಂದು ಸ್ಕ್ರೂ ತೆಗೆದು, ಅದರ ಅಡಿಯ ಪೇಂಟನ್ನು ಸ್ಯಾಂಡ್‌ಪೇಪರಿನಿಂದ ತಿಕ್ಕಿ, ತಗಡು ಹೊಳೆಯುವಂತೆ ಮಾಡಿ. 1.5 ಚದರ ಮಿ.ಮೀ. ಕಪ್ಪು ವೈರಿಗೆ ಥಿಂಬಲ್ ಒತ್ತಿ, ಥಿಂಬಲ್ ಮತ್ತು ತಗಡಿನ ನಡುವೆ ಸ್ಟಾರ್ ವಾಶರ್ ಬರುವಂತೆ ಬಿಗಿಯಿರಿ. ವೈರಿನ ಇನ್ನೊಂದು ತುದಿ ಟೇಲ್ ಲ್ಯಾಂಪಿನ ಅರ್ಥ್ ಬೋಲ್ಟಿಗೆ ಬೇಡ. ಬಾಡಿಯಲ್ಲಿ ಬೇರೆ ಜಾಗ ಹುಡುಕಿ, ಅಲ್ಲೂ ಹೀಗೇ ತಿಕ್ಕಿ ಬಿಗಿಯಿರಿ. ಬಿಗಿದ ಮೇಲೆ ಎರಡೂ ಕಡೆ ವ್ಯಾಸಲಿನ್ ಸವರಿ. ಬಿಗಿಯುವ ಮೊದಲೇ ಸವರಿ, ಅದರ ಮೇಲೆ ಥಿಂಬಲ್ ಕೂಡಿಸುವ ರೂಢಿ ಬೇಡ.

ವೈರನ್ನು ಮತ್ತೆ ಯೂನಿಟ್ಟಿಗೆ ಹಚ್ಚಿ, ಕೀ ಆನ್ ಮಾಡಿ, ಯೂನಿಟ್ಟಿನ ತಟ್ಟೆ ಮತ್ತು ಬ್ಯಾಟರಿ ಅರ್ಥ್ ನಡುವೆ ವೋಲ್ಟೇಜ್ ನೋಡಿ. 0.05 ವೋಲ್ಟಿಗಿಂತ ಕಡಿಮೆ ಇರಬೇಕು. ಒಬ್ಬರನ್ನು ಬ್ರೇಕ್ ಒತ್ತಲಿಕ್ಕೆ ಹೇಳಿ, ಟೇಲ್ ಲ್ಯಾಂಪ್ ಹಾಕಿಸಿ. ಆಗಲೂ ಸಂಖ್ಯೆ ಅಲುಗಬಾರದು.

ಹಿಂದಿನಿಂದ ಮುಂದಕ್ಕೆ ಹೋಗುವ ಒಂಟಿ ವೈರನ್ನೂ ಮರೆಯಬೇಡಿ. ಎರಡೂ ತುದಿ ಬಿಡಿಸಿ, ವೈರ್ ಮತ್ತು ಬಾಡಿಯ ನಡುವೆ ಅಳೆದರೆ ಮೀಟರ್ ಓಪನ್ (ಸಂಪರ್ಕವೇ ಇಲ್ಲ ಎಂದು) ತೋರಿಸಬೇಕು. ಸಾವಿರ ಓಮ್ ಬಂದರೂ ಎಲ್ಲೋ ಕಾರ್ಪೆಟ್ ಅಡಿಯಲ್ಲಿ ವೈರ್ ಸುಲಿದು ಬಾಡಿಗೆ ತಾಗುತ್ತಿದೆ. ಬುಲೆಟ್ ಕನೆಕ್ಟರ್‌ಗಳು (ವೈರುಗಳನ್ನು ಜೋಡಿಸುವ ಒತ್ತುಗೂಡುಗಳು) ಹಸಿರುಗಟ್ಟಿದ್ದರೆ ಬದಲಿಸಿ, ಅವುಗಳನ್ನು ತಿಕ್ಕುತ್ತಾ ಕೂರುವುದು ಸಮಯದ ದಂಡ.

ಗೇಜನ್ನು ರೆಸಿಸ್ಟರಿನಿಂದ ಪರೀಕ್ಷಿಸುವುದು

ಟ್ಯಾಂಕಿನ ಬಳಿ ಬಿಡಿಸಿದ ವೈರಿನ ತುದಿಗೂ ಒಳ್ಳೆಯ ಅರ್ಥಿಗೂ ನಡುವೆ ರೆಸಿಸ್ಟರ್ ಹಚ್ಚಿ. ಟ್ಯಾಂಕಿನಿಂದ ದೂರಕ್ಕೆ ಉದ್ದ ವೈರ್ ಎಳೆದುಕೊಂಡು ಮಾಡಿದರೆ ಕಿಡಿಯ ಭಯವಿಲ್ಲ. ಟ್ಯಾಂಕಿನ ಮುಚ್ಚಳ ಹಾಕಿರಲಿ. 240–33 ಗೇಜಾದರೆ 242 ಓಮಿಗೆ ಖಾಲಿ, 100ಕ್ಕೆ ಅರ್ಧದ ಆಸುಪಾಸು, 33ಕ್ಕೆ ತುಂಬಿದ ಗೆರೆ. 10–180 ಆದರೆ 10ಕ್ಕೆ ಖಾಲಿ, 180ಕ್ಕೆ ತುಂಬಿದ ಗೆರೆ. ಅರ್ಧದ ಬಿಂದು ಒಂದೊಂದು ಗೇಜಿನಲ್ಲಿ ಬೇರೆ ಇರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ತುದಿ ಸರಿಯಾಗಿ ಕೂತರೆ ಗೇಜ್ ಸರಿ ಇದೆ.

ಇಲ್ಲಿ ತಪ್ಪು ಬಂದರೆ ಅದೇ ರೆಸಿಸ್ಟರನ್ನು ನೇರ ಗೇಜಿನ ಬೆನ್ನಿಗೆ ಹಚ್ಚಿ. ಅಲ್ಲಿ ಸರಿ ಬಂದರೆ ನಡುವಿನ ವೈರ್, ಅಲ್ಲೂ ತಪ್ಪಾದರೆ ಗೇಜ್ ಅಥವಾ ಅದಕ್ಕೆ ಬರುವ ಸಪ್ಲೈ. ಗೇಜಿಗೆ ಪ್ರತ್ಯೇಕ ಅರ್ಥ್ ವೈರ್ ಕೊಟ್ಟು ಇನ್ನೊಮ್ಮೆ ನೋಡದೆ ಗೇಜನ್ನು ದೂರಬೇಡಿ.

ವೈರನ್ನು ಬಾಡಿಗೆ ತಾಗಿಸಿ ಮುಳ್ಳು ಓಡುತ್ತದೋ ಎಂದು ನೋಡುವ ಹಳೆ ಪದ್ಧತಿ ಗೇಜ್ ಬದುಕಿದೆಯೋ ಸತ್ತಿದೆಯೋ ಎಂದು ಹೇಳುತ್ತದೆ, ಸರಿಯಾಗಿದೆಯೋ ಎಂದು ಹೇಳುವುದಿಲ್ಲ. ಬೈಮೆಟಲ್ ಗೇಜಿನಲ್ಲಿ ಹಾಗೆ ತಾಗಿಸಿ ಹಿಡಿದುಕೊಂಡರೆ ಒಳಗಿನ ಹೀಟರ್ ಸುರುಳಿ ಸುಟ್ಟುಹೋಗುವ ಸಾಧ್ಯತೆಯೂ ಇದೆ.

ಹತ್ತು ವೋಲ್ಟಿನ ಡಬ್ಬಿ

ಬೈಮೆಟಲ್ ಗೇಜಿನ ಗಾಡಿಗಳಲ್ಲಿ ಡ್ಯಾಶ್‌ಬೋರ್ಡ್ ಹಿಂದೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ತಗಡಿನ ಸ್ಟೆಬಿಲೈಜರ್ ಇರುತ್ತದೆ. ಒಳಗಿನ ಪಟ್ಟಿ ಬಿಸಿಯಾಗಿ ಕಾಂಟ್ಯಾಕ್ಟ್ ಬಿಟ್ಟು, ತಣ್ಣಗಾಗಿ ಹಿಡಿದು, ಹೀಗೆ ಆನ್–ಆಫ್ ಆಗುತ್ತಾ ಸರಾಸರಿ 10 ವೋಲ್ಟ್ ಕೊಡುತ್ತದೆ. ಡಿಜಿಟಲ್ ಮೀಟರ್ ಇದರ ಮೇಲೆ ಹುಚ್ಚುಹುಚ್ಚಾಗಿ ಕುಣಿಯುತ್ತದೆ. ಮುಳ್ಳಿನ ಮೀಟರ್ ಅಥವಾ ಟೆಸ್ಟ್ ಲ್ಯಾಂಪ್ ಹಚ್ಚಿ ನೋಡಿ: ಕೀ ಹಾಕಿದ ಕೆಲವು ಸೆಕೆಂಡ್ ಒಂದೇ ಸಮ ಉರಿದು ಆಮೇಲೆ ಮಿಣುಕಬೇಕು. ಮಿಣುಕದೆ ಉರಿಯುತ್ತಲೇ ಇದ್ದರೆ ಡಬ್ಬಿಯ ಅರ್ಥ್ ಹೋಗಿದೆ ಅಥವಾ ಕಾಂಟ್ಯಾಕ್ಟ್ ಅಂಟಿಕೊಂಡಿದೆ. ಬೈಮೆಟಲ್ ಗೇಜ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬಿಸಿಯಾಗುತ್ತದೆ. 10ರ ಬದಲು 13.8 ವೋಲ್ಟ್ ಸಿಕ್ಕರೆ ಬಿಸಿ ಸುಮಾರು 1.9 ಪಟ್ಟು. ಎಂಜಿನ್ ರೇಸ್ ಮಾಡಿದಾಗ ಪೆಟ್ರೋಲ್ ಏರಿದಂತೆ ಕಾಣುವುದು ಇದಕ್ಕೇ.

ಮಾರ್ಕೆಟ್ ಗೇಜ್ ಹಾಕಿದವರು ಮಾಡುವ ತಪ್ಪು ಇದರ ಉಲ್ಟಾ. ಹಳೆ ಗೇಜಿನ ಸಪ್ಲೈ ವೈರನ್ನೇ ಹೊಸ ಏರ್-ಕೋರ್ ಗೇಜಿಗೆ ಹಚ್ಚುತ್ತಾರೆ. ಆ ವೈರ್ ಸ್ಟೆಬಿಲೈಜರಿನಿಂದ ಬರುವಂಥದ್ದು, ತುಂಡುತುಂಡಾದ ಕರೆಂಟ್. ಮುಳ್ಳು ನಡುಗುತ್ತದೆ, ಕೆಲವು ಗೇಜ್ ಕಡಿಮೆ ತೋರಿಸುತ್ತವೆ. ಇಂಥ ಗೇಜಿಗೆ ಫ್ಯೂಸ್ ಬಾಕ್ಸಿನಿಂದ, ಕೀ ಹಾಕಿದಾಗ ಬರುವ ನೇರ 12 ವೋಲ್ಟ್ ಕೊಡಬೇಕು. ಟೆಂಪರೇಚರ್ ಗೇಜ್ ಮೂಲದ್ದೇ ಇದ್ದರೆ ಅದಕ್ಕೆ ಸ್ಟೆಬಿಲೈಜರ್ ಮುಂದುವರಿಯಲಿ.

ಕೆಟ್ಟ ಡಬ್ಬಿಗೆ ಬದಲಾಗಿ 10 ವೋಲ್ಟ್ ಕೊಡುವ ಮೂರು ಕಾಲಿನ 7810 ರೆಗ್ಯುಲೇಟರ್ ಹಾಕಬಹುದು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ಇನ್‌ಪುಟ್ ಕಡೆ 0.33, ಔಟ್‌ಪುಟ್ ಕಡೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ, ನಡುವಿನ ಕಾಲು ಅರ್ಥಿಗೆ. ಹಳೆ ಡಬ್ಬಿಯ ತಗಡಿಗೇ ಸ್ಕ್ರೂ ಹಾಕಿ ಕೂಡಿಸಿದರೆ ಶಾಖವೂ ಹೋಗುತ್ತದೆ, ಅರ್ಥೂ ಸಿಗುತ್ತದೆ. ಪಾಸಿಟಿವ್ ಅರ್ಥ್ (ಬ್ಯಾಟರಿಯ ಪ್ಲಸ್ ತುದಿಯೇ ಅರ್ಥಿಗೆ) ಇರುವ ಹಳೆ ಗಾಡಿಗೆ ಇದು ಹೊಂದುವುದಿಲ್ಲ. 6 ವೋಲ್ಟಿನ ಹಳೆ ಜೀಪಿಗೆ 12 ವೋಲ್ಟಿನ ಗೇಜ್ ಹಾಕುವ ಮಾತೇ ಬೇಡ.

ಯೂನಿಟ್ ಹೊರಗೆ ತೆಗೆದಾಗ

ಫ್ಲೋಟ್ ಹಿಡಿದ ತೋಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನಕ್ಕೆ ಎತ್ತುತ್ತಾ ಓಮ್ ನೋಡಿ. ಮುಳ್ಳಿನ ಮೀಟರ್ ಇದ್ದರೆ ಇಲ್ಲಿ ಅದೇ ಒಳ್ಳೆಯದು, ನಡುವೆ ಎಲ್ಲಾದರೂ ಒಮ್ಮೆ ಬಿಟ್ಟುಹೋದರೆ ತಕ್ಷಣ ಗೊತ್ತಾಗುತ್ತದೆ. ಸವೆತ ಹೆಚ್ಚಾಗಿ ಕಾಲು ಮತ್ತು ಅರ್ಧದ ನಡುವೆ ಇರುತ್ತದೆ. ಐನೂರು ರೂಪಾಯಿಯಷ್ಟೇ ಹಾಕಿಸುತ್ತಾ ಓಡಿಸುವ ಗಾಡಿಯ ಫ್ಲೋಟ್ ಜೀವನವೆಲ್ಲ ಅಲ್ಲೇ ಕಳೆಯುತ್ತದೆ. ಎಲ್‌ಪಿಜಿ ಕಿಟ್ ಹಾಕಿಸಿದ ಅಂಬಾಸಡರುಗಳಲ್ಲಿ ಕಥೆ ಬೇರೆ. ಪೆಟ್ರೋಲ್ ತಿಂಗಳುಗಟ್ಟಲೆ ನಿಂತು, ಟ್ರ್ಯಾಕಿನ ಮೇಲೆ ಅಂಟಂಟು ಕಂದು ಪದರ ಕಟ್ಟುತ್ತದೆ. ಅದನ್ನು ಕಾಂಟ್ಯಾಕ್ಟ್ ಕ್ಲೀನರ್ ಮತ್ತು ಮೆತ್ತನೆ ಬ್ರಷ್‌ನಿಂದ ತೆಗೆಯಬಹುದು. ಸ್ಯಾಂಡ್‌ಪೇಪರ್ ಮುಟ್ಟಿಸಿದರೆ ತಂತಿ ಹರಿಯುತ್ತದೆ.

ಹಿತ್ತಾಳೆ ಫ್ಲೋಟನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಗುಳುಗುಳು ಅಂದರೆ ಪೆಟ್ರೋಲ್ ಹೊಕ್ಕಿದೆ. ತೂತು ಕಾಣದಿದ್ದರೆ ಬಿಸಿನೀರಿನಲ್ಲಿ ಮುಳುಗಿಸಿ, ಗುಳ್ಳೆ ಬರುವ ಜಾಗವೇ ತೂತು. ಒಳಗಿನ ಪೆಟ್ರೋಲ್ ಪೂರ್ತಿ ಹೊರಹೋಗುವ ತನಕ ಬೆಸುಗೆಯ ಹತ್ತಿರ ಸುಳಿಯಬೇಡಿ. ಆವಿ ತುಂಬಿದ ಫ್ಲೋಟಿಗೆ ಬಿಸಿ ತಾಗಿದರೆ ಸಿಡಿಯುತ್ತದೆ. ಬೆಸುಗೆ ತೆಳ್ಳಗಿರಲಿ. ದಪ್ಪ ಸೀಸ ಮೆತ್ತಿದ ಫ್ಲೋಟ್ ಭಾರಕ್ಕೆ ಕೆಳಗೆ ತೇಲುತ್ತದೆ, ಗೇಜ್ ಕಡಿಮೆ ತೋರಿಸುತ್ತದೆ. ಹಳೆ ಕಾರ್ಕ್ ಫ್ಲೋಟ್ ಇದ್ದರೆ ತೆಗೆದುಬಿಡಿ. ಈಗ ಪಂಪುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ, ಕಾರ್ಕಿಗೆ ಬಳಿದ ಹಳೆ ವಾರ್ನಿಷನ್ನು ಅದು ಕರಗಿಸಿ, ಕಾರ್ಕ್ ಪೆಟ್ರೋಲ್ ಕುಡಿಯುವಂತೆ ಮಾಡುತ್ತದೆ.

ಯೂನಿವರ್ಸಲ್ ಯೂನಿಟ್ ಹಾಕುವವರು ತೋಳಿನ ಉದ್ದವನ್ನು ಕಣ್ಣಂದಾಜಿಗೆ ಬಿಡಬಾರದು. ಟ್ಯಾಂಕಿನ ಆಳ 200 ಮಿ.ಮೀ. ಇದ್ದು, ಮೇಲೆ ಕೆಳಗೆ 12 ಮಿ.ಮೀ. ಬಿಟ್ಟರೆ ಫ್ಲೋಟ್ ಚಲಿಸಬೇಕಾದ್ದು 176 ಮಿ.ಮೀ. ಯೂನಿಟ್ಟಿನ ತೋಳು 90 ಡಿಗ್ರಿ ತಿರುಗುವಂಥದ್ದಾದರೆ ಈ ಸಂಖ್ಯೆಯನ್ನು 1.41ರಿಂದ ಭಾಗಿಸಿ: ತೋಳು ಸುಮಾರು 125 ಮಿ.ಮೀ., ತಿರುಗುವ ಕೀಲು ಆಳದ ನಟ್ಟನಡುವೆ, ಅಂದರೆ 100 ಮಿ.ಮೀ.ನಲ್ಲಿ. ತೋಳು ಉದ್ದವಾದರೆ ಫ್ಲೋಟ್ ತಳಕ್ಕೆ ಬಡಿದು ಮುಳ್ಳು ಖಾಲಿ ಗೆರೆಗೆ ಬರುವುದೇ ಇಲ್ಲ. ಗಿಡ್ಡವಾದರೆ ತುಂಬಿದ ಟ್ಯಾಂಕಿನ ಮೊದಲ ಹತ್ತು ಲೀಟರ್ ಮುಗಿಯುವ ತನಕ ಮುಳ್ಳು ಅಲುಗುವುದಿಲ್ಲ. ಒಳಗಿನ ತಡೆತಗಡಿಗೆ ಫ್ಲೋಟ್ ಸಿಕ್ಕಿಕೊಳ್ಳದಂತೆ ದಿಕ್ಕು ನೋಡಿ ಕೂಡಿಸಿ.

ಎಲ್ಲ ಸರಿಯಿದ್ದೂ ಖಾಲಿ ಟ್ಯಾಂಕಿಗೆ ಕಾಲು ತೋರಿಸಿದರೆ ಟ್ಯಾಂಕಿನ ತಳ ನೋಡಿ. ಗಾಳಿ ಕೊಳವೆ ದೂಳಿನಿಂದ ಮುಚ್ಚಿಹೋದರೆ ಎಂಜಿನ್ನಿನ ಪೆಟ್ರೋಲ್ ಪಂಪ್ ಎಳೆಯುವ ನಿರ್ವಾತಕ್ಕೆ ಟ್ಯಾಂಕ್ ಒಳಕ್ಕೆ ಕುಸಿದು ತಳ ಮೇಲೆ ಬರುತ್ತದೆ, ಫ್ಲೋಟ್ ಬೇಗ ನಿಲ್ಲುತ್ತದೆ. ಮುಚ್ಚಳ ತೆಗೆದಾಗ ಗಾಳಿ ಒಳಕ್ಕೆ ಎಳೆದುಕೊಂಡ ಸದ್ದು ಬಂದರೆ ಕಾರಣ ಅದೇ.

ರೆಸಿಸ್ಟರ್ ಸೇರಿಸಿ ಹೊಂದಿಸಬಹುದೇ?

ದಿಕ್ಕು ಉಲ್ಟಾ ಇದ್ದರೆ ಸಾಧ್ಯವಿಲ್ಲ. ಯೂನಿಟ್ ಬದಲಿಸಿ, ಇಲ್ಲವೆ ರೇಂಜ್ ಬದಲಿಸುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿ. ದಿಕ್ಕು ಒಂದೇ ಇದ್ದರೆ ಅಷ್ಟಿಷ್ಟು ಆಗುತ್ತದೆ. ಯೂನಿಟ್ 250–20 ಕೊಡುತ್ತಿದ್ದು ಗೇಜ್ 240–33 ಆಗಿದ್ದರೆ ಸಾಲಿನಲ್ಲಿ 12 ಓಮ್ ಹಾಕಿ. ತುಂಬಿದಾಗ 32, ಖಾಲಿಗೆ 262. ಖಾಲಿ ಗೆರೆಯಿಂದ ಮುಳ್ಳು ಒಂಚೂರು ಕೆಳಗೆ ಬೀಳುತ್ತದೆ, ಒಳ್ಳೆಯದೇ.

10–180 ಯೂನಿಟ್ಟಿಗೆ 0–90 ಗೇಜ್ ಹೊಂದಿಸಲು 180 ಓಮ್ ಪ್ಯಾರಲಲ್ ಹಾಕುವ ಸಲಹೆ ಬಹಳ ಓಡಾಡುತ್ತದೆ. ಲೆಕ್ಕ ಹಾಕಿ ನೋಡಿ. ತುಂಬಿದಾಗ 180ಕ್ಕೆ 180 ಪ್ಯಾರಲಲ್, 90 ಓಮ್, ಸರಿ. ಅರ್ಧದಲ್ಲಿ 95ಕ್ಕೆ 180 ಪ್ಯಾರಲಲ್, ಸುಮಾರು 62 ಓಮ್. ಮುಳ್ಳು ಮುಕ್ಕಾಲಿನ ಹತ್ತಿರ. ಖಾಲಿಗೆ ಒಂಬತ್ತೂವರೆ ಓಮ್. ಮುಳ್ಳು ಖಾಲಿ ಗೆರೆಯಿಂದ ಹತ್ತರಲ್ಲೊಂದು ಭಾಗ ಮೇಲೆ. ಎರಡು ತುದಿಯಲ್ಲಿ ಚೆನ್ನಾಗಿ ಕಂಡು ನಡುವೆ ಪೆಟ್ರೋಲ್ ಹೆಚ್ಚಿದೆ ಎನ್ನುವ ಗೇಜ್ ಇದ್ದೂ ಪ್ರಯೋಜನ ಅಷ್ಟಕ್ಕಷ್ಟೇ. ಸರಿಯಾದ ಜೋಡಿ ತರಿಸಿ.

ಮುಳ್ಳಿನ ಕುಣಿತ ನಿಲ್ಲಿಸಲು 2200 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಚ್ಚಿರಿ ಎನ್ನುವುದೂ ಇಂಥದ್ದೇ. 100 ಓಮಿನ ಜೊತೆ ಅದು ಹಿಡಿದಿಡುವುದು ಸೆಕೆಂಡಿನ ಐದನೇ ಒಂದು ಭಾಗ. ಟ್ಯಾಂಕಿನ ಅಲೆ ಅದಕ್ಕಿಂತ ಎಷ್ಟೋ ನಿಧಾನ.

ಲೀಟರ್ ಲೆಕ್ಕ

ಟ್ಯಾಂಕ್ ಚೌಕ ಡಬ್ಬಿಯಲ್ಲ, ಹಾಗಾಗಿ ಅರ್ಧದ ಗೆರೆ ಒಟ್ಟು ಲೀಟರಿನ ಸರಿಯರ್ಧಕ್ಕೆ ಕೂರುವುದಿಲ್ಲ. ಟ್ಯಾಂಕ್ ಬರಿದು ಮಾಡಿ, 5 ಲೀಟರಿನಂತೆ ಹಾಕಿಸುತ್ತಾ ಮುಳ್ಳು ಎಲ್ಲಿ ನಿಂತಿತು ಎಂದು ಬರೆದುಕೊಳ್ಳಿ. ಪ್ರತಿ ಸಲ ಪಂಪಿನ ಆವರಣದಿಂದ ಹೊರಗೆ ಬಂದು ಸಮತಟ್ಟಾದ ಜಾಗದಲ್ಲಿ ಎರಡು ನಿಮಿಷ ನಿಲ್ಲಿಸಿ ನೋಡಿ. ಮನೆಯ ಮುಂದಿನ ಶಹಾಬಾದ್ ಫರಸಿಯ ಅಂಗಳ ಸಮವಾಗಿದೆ ಅಂದುಕೊಳ್ಳಬೇಡಿ, ನೀರು ಹರಿಯಲೆಂದು ಅದಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಅಗಲ ಟ್ಯಾಂಕಿನ ಗಾಡಿಗೆ ಅಷ್ಟು ಓರೆ ಸಾಕು ಎರಡು ಮೂರು ಲೀಟರ್ ಹೆಚ್ಚುಕಡಿಮೆ ತೋರಿಸಲು. ಪಂಪಿನ ನಳ ಮೊದಲ ಸಲ ಕಟ್ ಆದದ್ದನ್ನು ಫುಲ್ ಎಂದು ಬರೆಯಬೇಡಿ.

ಖಾಲಿ ಗೆರೆಯಲ್ಲಿ 4–5 ಲೀಟರ್ ಉಳಿದಿರುವಂತೆ ತೋಳನ್ನು ಬಾಗಿಸುವುದು ಒಳ್ಳೆಯದು. ತೋಳನ್ನು ಕೀಲಿನ ಬುಡದಲ್ಲಿ ಬಾಗಿಸದೆ, ಎರಡು ಪ್ಲಾಯರ್ ಹಿಡಿದು ಮಧ್ಯದಲ್ಲಿ ಬಾಗಿಸಿ. ಬುಡಕ್ಕೆ ಬಲ ಬಿದ್ದರೆ ಟ್ರ್ಯಾಕ್ ಮೇಲೆ ಉಜ್ಜುವ ಬ್ರಷ್ ಓರೆಯಾಗುತ್ತದೆ. ಖಾಲಿ ಯಾವುದು, ತುಂಬಿದ್ದು ಯಾವುದು ಎಂದು ಕಲಿಸಿಕೊಡಬಹುದಾದ ಎಲೆಕ್ಟ್ರಾನಿಕ್ ಗೇಜ್ ಇದ್ದರೆ ಖಾಲಿಯ ಸೆಟ್ಟಿಂಗನ್ನೂ ಈ 5 ಲೀಟರ್ ಇರುವಾಗಲೇ ಒತ್ತಿ.

ಯೂನಿಟ್ ಮತ್ತೆ ಕೂಡಿಸುವಾಗ ಎಥನಾಲ್ ತಾಳುವ ಹೊಸ ಪ್ಯಾಕಿಂಗ್ ಹಾಕಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಸೋರಿಕೆ ಅರ್ಧ ಟ್ಯಾಂಕಿನಲ್ಲಿ ಗೊತ್ತಾಗುವುದಿಲ್ಲ, ಒಮ್ಮೆ ಫುಲ್ ಮಾಡಿಸಿ ತಟ್ಟೆಯ ಸುತ್ತ ಒಣ ಬಟ್ಟೆ ಸವರಿ ನೋಡಬೇಕು. ಬೇಸಿಗೆಯಲ್ಲಿ ಮೂತಿಯವರೆಗೆ ತುಂಬಿಸಿ ಬಿಸಿಲಿಗೆ ನಿಲ್ಲಿಸಬೇಡಿ. 50 ಲೀಟರ್ ಪೆಟ್ರೋಲ್ 20 ಡಿಗ್ರಿ ಬಿಸಿಯೇರಿದರೆ ಸುಮಾರು ಒಂದು ಲೀಟರಿನಷ್ಟು ಹಿಗ್ಗುತ್ತದೆ, ಹೊಸ ಪ್ಯಾಕಿಂಗ್ ಸೋರುತ್ತಿದೆ ಎಂದು ಮತ್ತೆ ಬಿಚ್ಚುವ ಕೆಲಸ ಬರುತ್ತದೆ. ಫುಲ್ ಮಾಡಿಸಿದ ಮೇಲೆ ಹದಿನೈದಿಪ್ಪತ್ತು ಕಿ.ಮೀ. ಓಡಿಸಿ ಬಂದು ಬಟ್ಟೆ ಸವರಿ.